ವಾಯಿದೆ ತಪ್ಪಿದವನು ತಲೆತಪ್ಪಿಸಿಕೊಂಡವನಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಗಿನಿಂದ ಭೂಮಿ ಬಗ್ಗೆ ಮಾತಾಡಿದ್ದೇವೆ, ಮೀಸಲಾತಿ ಬಗ್ಗೆ ಮಾತಾಡಿದ್ದೇವೆ, ಸ್ಕಾಲರ್‌ಶಿಪ್ ಬಾರದ ಬಗ್ಗೆ ಬೈದಿದ್ದೇವೆ. ಈಗ ಊಟ ಆಗಿದೆ, ಕೆಲವರಿಗೆ ಕಣ್ಣು ಎಳೀತಾ ಇದೆ. ಆದರೂ ಎದ್ದು ಕೂತು ಕೇಳಬೇಕು. ಈಗ ನಾವು ಮಾತಾಡೋದು ಒಂದು ಹಾಳೆ ಕಾಗದದ ಬಗ್ಗೆ. ಅದರ ಮೇಲೆ ಕೋರ್ಟಿನ ಸೀಲು ಇರುತ್ತೆ, ನಮ್ಮವನ ಹೆಸರು ಇರುತ್ತೆ, ಅವರಪ್ಪನ ಹೆಸರು ಇರುತ್ತೆ, ಜಾತಿ ಇರುತ್ತೆ. ಈತ ತಲೆಮರೆಸಿಕೊಂಡಿದ್ದಾನೆ, ಇಂಥಾ ದಿನ ಇಂಥಾ ಕೋರ್ಟಿಗೆ ಹಾಜರಾಗಬೇಕು ಅಂತ ಬರೆದಿರುತ್ತೆ. ಇದನ್ನ ಕಾನೂನಿನ ಕನ್ನಡದಲ್ಲಿ ಉದ್ಘೋಷಣೆ ಅಂತಾರೆ. ಆ ದಿನವೂ ಹಾಜರಾಗದಿದ್ದರೆ ಅವನು 'ಘೋಷಿತ ವ್ಯಕ್ತಿ'. ಕೇಸು ದೊಡ್ಡದಾಗಿದ್ದರೆ 'ಘೋಷಿತ ಅಪರಾಧಿ'.

ಈ ಎರಡನೇ ಮಾತನ್ನ ಸ್ವಲ್ಪ ಬಾಯಲ್ಲಿಟ್ಟು ನೋಡಿ. ವಿಚಾರಣೆ ಇನ್ನೂ ಮುಗಿದಿಲ್ಲ. ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿಲ್ಲ. ಆದರೆ ಹೆಸರಿನ ಮುಂದೆ ಅಪರಾಧಿ ಅನ್ನೋದು ಬಂದುಬಿಟ್ಟಿದೆ. ಊರಿನವರು ಓದೋದು ಆ ಒಂದು ಮಾತನ್ನ ಮಾತ್ರ.

ನಮ್ಮ ಜನಕ್ಕೆ ಇದು ಹೊಸದಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಇಡೀ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿದರು. ಹೊಟ್ಟೆಯಲ್ಲಿರೋ ಕೂಸು ಕೂಡ ಅಪರಾಧಿ. ನಮ್ಮ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇವತ್ತಿಗೂ ಇದೆ. ಹೆಸರು ಎಲ್ಲಿಂದ ಬಂತು ಅಂದರೆ, ಆ ಕಾಯ್ದೆಯಡಿ ಜನರನ್ನ ಕೂಡಿಹಾಕಿದ ಜಾಗ ಅದು. ಅಲ್ಲಿ ಅವರು ಹಾಜರಿ ಕೊಡಬೇಕಿತ್ತು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಪಟ್ಟಿ ಹರಿದರು, ಕಣ್ಣು ಬದಲಾಗಲಿಲ್ಲ. ಇವತ್ತಿಗೂ ಯಾವ ಹಟ್ಟಿಯಿಂದ, ಯಾವ ತಾಂಡಾದಿಂದ ಬಂದವನು ಅನ್ನೋದನ್ನ ನೋಡಿಯೇ ಅವನು ಓಡಿಹೋಗ್ತಾನೋ ಇಲ್ಲವೋ ಅಂತ ತೀರ್ಮಾನ ಮಾಡೋರಿದ್ದಾರೆ.

ಉದ್ಘೋಷಣೆಯನ್ನ ಊರಲ್ಲಿ ಬಹಿರಂಗವಾಗಿ ಓದಬೇಕು ಅಂತ ಕಾನೂನು ಹೇಳುತ್ತೆ. ತಮಟೆ ಬಾರಿಸಿ ಅಂತ ಕಾನೂನು ಹೇಳಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಸಾರೋದು ಅಂದರೆ ತಮಟೆ, ತಮಟೆ ಅಂದರೆ ನಮ್ಮ ಕೇರಿ. ಜಪ್ತಿಗೆ, ಹರಾಜಿಗೆ, ಹಬ್ಬಕ್ಕೆ, ಹೆಣಕ್ಕೆ ಎಲ್ಲಕ್ಕೂ ಡಂಗುರ ಹೊಡೆದವರು ನಮ್ಮ ಅಜ್ಜಂದಿರು. ತನ್ನ ಮೊಮ್ಮಗನನ್ನೇ ಓಡಿಹೋದವನು ಅಂತ ಸಾರೋದಕ್ಕೆ ತಾನೇ ತಮಟೆ ಕಾಯಿಸಬೇಕಾದ ಕಾಲ ಯಾವ ಅಜ್ಜನಿಗೂ ಬರಬಾರದು. ಅದಕ್ಕೇ ಈ ಮಾತು.

ಮೊದಲು, ನಮ್ಮ ಮೇಲೆ ಕೇಸು ಬೀಳೋದು ಹೇಗೆ ಅಂತ ನೋಡೋಣ.

ಒಂದು, ಹೋರಾಟದ ಕೇಸು. ಸ್ಮಶಾನಕ್ಕೆ ಜಾಗ ಕೇಳ್ತೀವಿ, ಕೊಡಲ್ಲ. ರಸ್ತೆ ತಡೀತೀವಿ. ಅರ್ಧ ಗಂಟೆ ಬಸ್ಸು ನಿಲ್ಲುತ್ತೆ. ಪೊಲೀಸರು ಬಂದು ಹೆಸರು ಬರಕೊಳ್ತಾರೆ. ಅಕ್ರಮ ಕೂಟ, ದೊಂಬಿ, ದಾರಿಗೆ ಅಡ್ಡಿ. ಹಳೇ ದಂಡ ಸಂಹಿತೆಯಲ್ಲಿ 143, 147, 341 ಅಂತ ನಮಗೆಲ್ಲ ಬಾಯಿಪಾಠ ಆಗಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನಂಬರು ಬದಲಾಗಿದೆ, ಬೀಳೋ ಕೇಸು ಅದೇ.

ಎರಡು, ಪ್ರತಿದೂರು. ಕೇರಿಯವನಿಗೆ ಹೊಡೀತಾರೆ. ಅವನು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡ್ತಾನೆ. ಮಾರನೇ ದಿನ ಹೊಡೆದವನೇ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು ದೂರು ಕೊಡ್ತಾನೆ. ಆ ಕೇಸಲ್ಲಿ ನಮ್ಮವನೇ ಒಂದನೇ ಆರೋಪಿ. ಹೊಡೆಸಿಕೊಂಡವನು ಎರಡು ಕೇಸಿಗೆ ಅಲೀಬೇಕು, ಒಂದಕ್ಕೆ ಸಾಕ್ಷಿಯಾಗಿ, ಒಂದಕ್ಕೆ ಆರೋಪಿಯಾಗಿ.

ಕೇಸು ಬಿತ್ತು, ಜಾಮೀನಾಯಿತು. ಆಮೇಲೆ ಶುರುವಾಗುತ್ತೆ ವಾಯಿದೆ. ವಾಯಿದೆ ಅಂದರೆ ಏನು? ಬೆಳಿಗ್ಗೆ ಕೂಲಿ ಬಿಟ್ಟು, ಬಸ್ಸಿಗೆ ಸಾಲ ಮಾಡಿ, ಹನ್ನೊಂದು ಗಂಟೆಗೆ ಕೋರ್ಟಿನ ವರಾಂಡದಲ್ಲಿ ನಿಲ್ಲೋದು. ಹೆಸರು ಕೂಗ್ತಾರೆ. ಒಳಗೆ ಹೋಗಿ ಕೈಕಟ್ಟಿ ನಿಂತರೆ ಮುಂದಿನ ದಿನಾಂಕ ಹೇಳ್ತಾರೆ. ಸಾಕ್ಷಿ ಬಂದಿಲ್ಲ, ಇನ್ನೊಂದು ದಿನಾಂಕ. ಸಾಹೇಬರು ರಜೆ, ಇನ್ನೊಂದು ದಿನಾಂಕ. ಸಾಕ್ಷಿ ಹೇಳಬೇಕಾದ ಪೊಲೀಸಿನವರು ಹತ್ತು ಸಲ ಬಾರದಿದ್ದರೂ ಅವರನ್ನ ಯಾರೂ ಓಡಿಹೋದವರು ಅನ್ನಲ್ಲ. ಕೂಲಿಯವನು ಒಂದು ಸಲ ಬಾರದಿದ್ದರೆ ವಾರಂಟು.

ಆ ಒಂದು ಸಲ ಆದಮೇಲೆ ಏನಾಗುತ್ತೆ ಅನ್ನೋದನ್ನ ಮೆಟ್ಟಿಲು ಮೆಟ್ಟಿಲಾಗಿ ತಿಳಕೊಳ್ಳಿ. ನಿಮ್ಮ ಪರ ವಕೀಲರು ಅವತ್ತು ಗೈರುಹಾಜರಿಗೆ ಅರ್ಜಿ ಹಾಕಿದ್ದರೆ, ಕೋರ್ಟು ಒಪ್ಪಿದರೆ, ಅಲ್ಲಿಗೆ ಮುಗೀತು. ಹಳೇ ಕಾನೂನಿನಲ್ಲಿ ಅದು 317ನೇ ಕಲಮು, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 355. ಅರ್ಜಿ ಇಲ್ಲದಿದ್ದರೆ ಮುಚ್ಚಳಿಕೆ ಮುಟ್ಟುಗೋಲು, ಜಾಮೀನುದಾರನಿಗೆ ನೋಟೀಸು, ನಿಮಗೆ ಜಾಮೀನುರಹಿತ ವಾರಂಟು. ವಾರಂಟು ಹಿಡಿದು ಪೊಲೀಸರು ಕೇರಿಗೆ ಬರ್ತಾರೆ. ನೀವು ಊರಲ್ಲಿಲ್ಲ. 'ಆಸಾಮಿ ಊರಲ್ಲಿ ಸಿಗಲಿಲ್ಲ, ಎಲ್ಲಿದ್ದಾನೆ ತಿಳಿದುಬಂದಿಲ್ಲ' ಅಂತ ಷರಾ ಬರೆದು ವಾರಂಟು ವಾಪಸ್ಸು ಕಳಿಸ್ತಾರೆ. ಎರಡು ಮೂರು ಸಲ ಹೀಗಾದ ಮೇಲೆ ಉದ್ಘೋಷಣೆ. ಹಳೇದರಲ್ಲಿ 82ನೇ ಕಲಮು, ಹೊಸದರಲ್ಲಿ 84. ಅದರ ಜೊತೆಗೋ ಆಮೇಲೋ ಆಸ್ತಿ ಜಪ್ತಿ, ಹಳೇದರಲ್ಲಿ 83, ಹೊಸದರಲ್ಲಿ 85. ನಮ್ಮ ಕರ್ನಾಟಕದ ಕೋರ್ಟುಗಳಲ್ಲಿ ಆಮೇಲೆ ನಿಮ್ಮ ಕೇಸನ್ನ ಉಳಿದವರ ಕೇಸಿನಿಂದ ಬೇರೆ ಮಾಡಿ ಎಲ್.ಪಿ.ಸಿ. ಅಂತ, ಬಹುಕಾಲದಿಂದ ಬಾಕಿ ಇರೋ ಕೇಸುಗಳ ರಿಜಿಸ್ಟರಿಗೆ ಹಾಕ್ತಾರೆ. ಅಲ್ಲಿ ಅದು ಸುಮ್ಮನೆ ಕೂತಿರುತ್ತೆ. ವಾರಂಟು ಮಾತ್ರ ಸಾಯಲ್ಲ. ಕೊಟ್ಟ ಕೋರ್ಟು ರದ್ದು ಮಾಡೋವರೆಗೆ ಅಥವಾ ನಿಮ್ಮನ್ನ ಹಿಡಿಯೋವರೆಗೆ ಅದು ಜೀವಂತ. ಐದು ವರ್ಷ ಬಿಟ್ಟು ಸಂತೆಯಲ್ಲಿ ಹಿಡೀಬಹುದು, ಮದುವೆ ಚಪ್ಪರದಲ್ಲಿ ಹಿಡೀಬಹುದು.

ನಮಗೆಲ್ಲ ಗೊತ್ತಿರೋ ಒಬ್ಬ ಗೆಳೆಯನ ವಿಷಯ ಹೇಳ್ತೀವಿ. ಹೆಸರು ಬೇಡ. ಸ್ಮಶಾನದ ಜಾಗಕ್ಕೆ ನಡೆದ ರಸ್ತೆ ತಡೆಯಲ್ಲಿ ಅವನೂ ಇದ್ದ, ನಾವೂ ಇದ್ದೆವು. ಅವನ ಹೆಸರು ಚಾರ್ಜ್‌ಶೀಟಿಗೆ ಹೋಯಿತು. ನಾಲ್ಕು ವಾಯಿದೆಗೆ ತಪ್ಪದೆ ಹೋದ. ಐದನೇ ವಾಯಿದೆ ದಿನ ಅವನಿಗೆ ಡಿಗ್ರಿ ಪರೀಕ್ಷೆ. ವಕೀಲರಿಗೆ ಮುಂಚೆಯೇ ಹೇಳಿದ್ದ. ಅವರು ಅವತ್ತು ಬೇರೆ ಕೋರ್ಟಿನಲ್ಲಿದ್ದರು, ಅರ್ಜಿ ಹಾಕಲಿಲ್ಲ. ವಾರಂಟಾಯಿತು. ಇವನಿಗೆ ಗೊತ್ತೇ ಇಲ್ಲ. ಪರೀಕ್ಷೆ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ. ಪೊಲೀಸರು ಹಟ್ಟಿಗೆ ಬಂದಾಗ ಅವನ ಅವ್ವ, 'ನನ್ ಮಗ ಬೆಂಗ್ಳೂರಲ್ಲವ್ನೆ ಸ್ವಾಮಿ, ಫೋನ್ ನಂಬರ್ ಕೊಡ್ತೀನಿ' ಅಂದಳಂತೆ. ನಂಬರು ಯಾರೂ ಬರಕೊಳ್ಳಲಿಲ್ಲ. ಎಲ್ಲಿದ್ದಾನೆ ತಿಳಿಯದು ಅಂತಲೇ ಷರಾ ಹೋಯಿತು. ಎರಡು ವರ್ಷ ಆದಮೇಲೆ ಒಂದು ನೌಕರಿ ಸಿಕ್ಕಿತು. ಪೊಲೀಸ್ ವೆರಿಫಿಕೇಷನ್ನಿನಲ್ಲಿ ಹೆಸರು ಹೊರಬಿತ್ತು: ತಲೆಮರೆಸಿಕೊಂಡ ಆರೋಪಿ.

ಅವನು ಏನು ಮಾಡಿದ? ಓಡಲಿಲ್ಲ. ಮೊದಲು ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ಇಡೀ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿದ. ಅದರಲ್ಲಿ ಕಂಡಿದ್ದು ಇಷ್ಟು. ಉದ್ಘೋಷಣೆಯನ್ನ ಅಂಟಿಸಿದ ದಿನಕ್ಕೂ ಹಾಜರಾಗಬೇಕಾದ ದಿನಕ್ಕೂ ಮಧ್ಯೆ ಇದ್ದದ್ದು 21 ದಿನ. ಅಂಟಿಸಿದ್ದು ಊರ ಮುಂದಿನ ಗೋಡೆಗೆ ಮಾತ್ರ. ಓದಿ ಹೇಳಿದ್ದರ ಬಗ್ಗೆ ಮಹಜರಿನಲ್ಲಿ ಒಂದಕ್ಷರ ಇಲ್ಲ. ಸಹಿ ಹಾಕಿದ ಇಬ್ಬರು ಪಂಚರೂ ಮೇಲಿನ ಬೀದಿಯವರು. ಪರೀಕ್ಷೆಯ ಹಾಲ್ ಟಿಕೆಟ್ಟು, ಬೆಂಗಳೂರಿನ ಕೆಲಸದ ಕಾಗದ, ಈ ನಕಲು ಎಲ್ಲ ಹಿಡಕೊಂಡು ವಕೀಲರ ಜೊತೆ ತಾನಾಗೇ ಅದೇ ಕೋರ್ಟಿಗೆ ಹೋಗಿ ನಿಂತ. ದಂಡ ಕಟ್ಟಿಸಿಕೊಂಡು ವಾರಂಟು ರದ್ದು ಮಾಡಿದರು, ಜಾಮೀನು ಕೊಟ್ಟರು. ಉದ್ಘೋಷಣೆಯ ಆದೇಶವನ್ನ ಮೇಲಿನ ಕೋರ್ಟು ತೆಗೆದುಹಾಕಿತು. ಅಷ್ಟರಲ್ಲಿ ಆ ನೌಕರಿ ಇನ್ನೊಬ್ಬರಿಗೆ ಹೋಗಿತ್ತು. ಅದನ್ನೂ ಹೇಳಬೇಕು. ಗೆದ್ದರೂ ಕಳಕೊಂಡದ್ದು ವಾಪಸ್ಸು ಬರಲಿಲ್ಲ. ಅದಕ್ಕೇ ಈ ವಿದ್ಯೆ ಮೊದಲೇ ಕಲೀಬೇಕು ಅಂತ ನಾವು ಹಟ ಹಿಡಿದಿರೋದು.

ಈಗ ಪುಸ್ತಕ ಪೆನ್ನು ತಗೊಳ್ಳಿ. ಉದ್ಘೋಷಣೆ ಆದೇಶವನ್ನ ಕೈಗೆತ್ತಿಕೊಂಡರೆ ಏನೇನು ಕೇಳಬೇಕು ಅನ್ನೋದನ್ನ ಬರಕೊಳ್ಳಿ.

ಮೊದಲನೇ ಪ್ರಶ್ನೆ: ವಾರಂಟು ಹೊರಡಿಸಿದ್ದರಾ? ವಾರಂಟಿಲ್ಲದೆ ಉದ್ಘೋಷಣೆ ಇಲ್ಲ. ಆ ವಾರಂಟು ಕೊಡೋದಕ್ಕೂ ಕ್ರಮ ಇದೆ. ಇಂದರ್ ಮೋಹನ್ ಗೋಸ್ವಾಮಿ ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಮೊದಲು ಸಮನ್ಸು, ಆಮೇಲೆ ಜಾಮೀನು ಸಿಗೋ ವಾರಂಟು, ಅವನು ಬೇಕೆಂದೇ ತಪ್ಪಿಸಿಕೊಳ್ತಿದ್ದಾನೆ ಅಂತ ಮನದಟ್ಟಾದ ಮೇಲೆ ಜಾಮೀನುರಹಿತ ವಾರಂಟು. ಮನುಷ್ಯನ ಸ್ವಾತಂತ್ರ್ಯದ ವಿಷಯ ಇದು, ಯಾಂತ್ರಿಕವಾಗಿ ಮಾಡಬಾರದು ಅನ್ನೋದು ಆ ತೀರ್ಪಿನ ತಿರುಳು.

ಎರಡನೇ ಪ್ರಶ್ನೆ: ಅವನು ತಲೆಮರೆಸಿಕೊಂಡಿದ್ದಾನೆ ಅಂತ ನಂಬೋದಕ್ಕೆ ಕೋರ್ಟಿಗೆ ಏನು ಕಾರಣ ಇತ್ತು? ಕಾನೂನಿನ ಮಾತು ಸ್ಪಷ್ಟ ಇದೆ. ವಾರಂಟು ಜಾರಿ ಆಗದ ಹಾಗೆ ಅವನು ತಲೆಮರೆಸಿಕೊಂಡಿರಬೇಕು ಅಥವಾ ಅಡಗಿಕೊಂಡಿರಬೇಕು. ಊರಲ್ಲಿ ಇಲ್ಲದೆ ಇರೋದು ಅಡಗಿಕೊಂಡ ಹಾಗಲ್ಲ. ಕಾಫಿ ತೋಟಕ್ಕೆ ಹೋದವನು, ಕಬ್ಬು ಕಡಿಯೋಕೆ ಹೋದವನು, ಬೆಂಗಳೂರಿನ ಕಟ್ಟಡದಲ್ಲಿ ಗಾರೆ ಹೊರೋನು, ಹಾಸ್ಟೆಲಿನಲ್ಲಿ ಓದೋನು ಯಾರೂ ಅಡಗಿಕೊಂಡವರಲ್ಲ. ಊರಲ್ಲಿ ತುಂಡು ಭೂಮಿ ಇದ್ದಿದ್ದರೆ ಊರಲ್ಲೇ ಇರ್ತಿದ್ದರು.

ಮೂರನೇ ಪ್ರಶ್ನೆ: ಪ್ರಕಟಿಸಿದ ದಿನದಿಂದ ಹಾಜರಾಗೋ ದಿನಕ್ಕೆ ಕನಿಷ್ಠ 30 ದಿನ ಇತ್ತಾ? ಆದೇಶ ಮಾಡಿದ ದಿನದಿಂದ ಎಣಿಸಬಾರದು, ಪ್ರಕಟಿಸಿದ ದಿನದಿಂದ ಎಣಿಸಬೇಕು. ತುಂಬಾ ಉದ್ಘೋಷಣೆಗಳು ಬಿದ್ದುಹೋಗೋದು ಇಲ್ಲೇ. ಬೆರಳು ಮಡಚಿ ಎಣಿಸೋದಕ್ಕೆ ಬಿ.ಎ. ಪಾಸಾಗಬೇಕಿಲ್ಲ.

ನಾಲ್ಕನೇ ಪ್ರಶ್ನೆ: ಮೂರೂ ಕಡೆ ಪ್ರಕಟಿಸಿದರಾ? ಅವನು ಸಾಮಾನ್ಯವಾಗಿ ವಾಸ ಮಾಡೋ ಊರಿನ ಎದ್ದು ಕಾಣೋ ಜಾಗದಲ್ಲಿ ಬಹಿರಂಗವಾಗಿ ಓದಬೇಕು. ಅವನ ಮನೆಯ ಮೇಲೆ ಅಥವಾ ಊರಿನ ಎದ್ದು ಕಾಣೋ ಜಾಗದಲ್ಲಿ ಅಂಟಿಸಬೇಕು. ಕೋರ್ಟಿನ ಕಟ್ಟಡದಲ್ಲೂ ಒಂದು ಪ್ರತಿ ಅಂಟಿಸಬೇಕು. ಇವು ಮೂರೂ ಆಗಬೇಕು, ಒಂದಾದರೆ ಸಾಲದು ಅಂತ ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಪೇಪರಿನಲ್ಲಿ ಹಾಕಿಸೋದು ಇದರ ಮೇಲಿನದು, ಇದರ ಬದಲಿಗೆ ಅಲ್ಲ. ಒಂದು ಎಚ್ಚರ: ಇಂಥಾ ದಿನ ಸರಿಯಾಗಿ ಪ್ರಕಟವಾಗಿದೆ ಅಂತ ಆ ಕೋರ್ಟೇ ಲಿಖಿತವಾಗಿ ಬರೆದುಬಿಟ್ಟಿದ್ದರೆ ಕಾನೂನು ಅದನ್ನ ನಿರ್ಣಾಯಕ ಸಾಕ್ಷ್ಯ ಅನ್ನುತ್ತೆ. ಆ ಬರಹ ಇದೆಯಾ, ಅದರಲ್ಲಿ ದಿನ, ವಿಧಾನ ಇದೆಯಾ ಅಂತ ಆರ್ಡರ್ ಶೀಟಿನಲ್ಲಿ ಹುಡುಕಬೇಕು.

ಐದನೇ ಪ್ರಶ್ನೆ: ಯಾವ ಕೇಸು? ಹಳೇ ಕಾನೂನಿನಲ್ಲಿ ಕೊಲೆ, ದರೋಡೆ, ಬೆಂಕಿ ಇಡೋದು ಹೀಗೆ 19 ಕಲಮುಗಳ ಪಟ್ಟಿ ಇತ್ತು. ಆ ಕೇಸುಗಳಲ್ಲಿ ಮಾತ್ರ 'ಘೋಷಿತ ಅಪರಾಧಿ' ಅನ್ನಬಹುದಿತ್ತು. ಹೊಸದರಲ್ಲಿ ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆ, ಜೀವಾವಧಿ, ಮರಣದಂಡನೆ ಇರೋ ಅಪರಾಧಗಳಿಗೆ ಮಾತ್ರ. ರಸ್ತೆ ತಡೆ ಕೇಸಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಕಲಮು ಹಾಕಿರದಿದ್ದರೆ, ಹುಡುಗನನ್ನ ಘೋಷಿತ ಅಪರಾಧಿ ಅನ್ನೋದಕ್ಕೆ ಯಾವ ಕೋರ್ಟಿಗೂ ಅಧಿಕಾರ ಇಲ್ಲ. ಇದು ಬರೀ ಪದದ ಜಗಳ ಅಲ್ಲ. ಉದ್ಘೋಷಣೆಯ ನಂತರವೂ ಹಾಜರಾಗದಿರೋದೇ ಒಂದು ಬೇರೆ ಅಪರಾಧ, ಹಳೇ ದಂಡ ಸಂಹಿತೆಯಲ್ಲಿ 174-ಎ, ಹೊಸದರಲ್ಲಿ 209. ಬರೀ ಘೋಷಿತ ವ್ಯಕ್ತಿಗೆ ಮೂರು ವರ್ಷದವರೆಗೆ, ಘೋಷಿತ ಅಪರಾಧಿಗೆ ಏಳು ವರ್ಷದವರೆಗೆ. ಲೆಕ್ಕ ಹಾಕಿ ನೋಡಿ: ರಸ್ತೆ ತಡೆದಿದ್ದಕ್ಕಿಂತ ಕೋರ್ಟಿಗೆ ಹೋಗದಿದ್ದದ್ದಕ್ಕೆ ಹೆಚ್ಚು ಶಿಕ್ಷೆ! ಮೂಲ ಕೇಸಿನಲ್ಲಿ ಖುಲಾಸೆಯಾದರೂ ಇದು ತಾನಾಗೇ ಸಾಯಲ್ಲ. 2025ರ ಜನವರಿಯಲ್ಲಿ ದಲ್ಜಿತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದು ಸ್ವತಂತ್ರ ಅಪರಾಧ ಅಂದಿದೆ. ಆದರೆ ಮೂಲ ಕೇಸಿನಲ್ಲಿ ಖುಲಾಸೆಯಾಗಿರೋದನ್ನ ಗಣನೆಗೆ ತಗೊಂಡು ಇದನ್ನ ಮುಗಿಸಬಹುದು ಅಂತಲೂ ಹೇಳಿ, ಅವನ ಕೇಸನ್ನ ಮುಗಿಸಿದೆ.

ಹಾಗಾದರೆ ಹೋಗಬೇಕಾದ ದಾರಿ ಯಾವುದು?

ಮೊದಲ ಬಾಗಿಲು ಅದೇ ಕೋರ್ಟು. ಪೊಲೀಸರು ಹಿಡಿದು ತರೋದಕ್ಕೆ ಮುಂಚೆ ನಾವಾಗೇ ಹೋಗೋದು ದೊಡ್ಡ ವ್ಯತ್ಯಾಸ ಮಾಡುತ್ತೆ. ವಾರಂಟು ರದ್ದು ಮಾಡಿ ಅಂತ ಅರ್ಜಿ, ಹಳೇದರಲ್ಲಿ 70(2), ಹೊಸದರಲ್ಲಿ 72(2). ಅದರ ಜೊತೆ ಜಾಮೀನು ಅರ್ಜಿ. ಯಾಕೆ ಬರಲಿಲ್ಲ ಅನ್ನೋದಕ್ಕೆ ಕಾಗದ: ಹಾಲ್ ಟಿಕೆಟ್ಟು, ಆಸ್ಪತ್ರೆ ಚೀಟಿ, ಹಾಸ್ಟೆಲಿನ ಹಾಜರಿ ಪುಸ್ತಕದ ನಕಲು, ಬೇರೆ ಕೇಸಿನಲ್ಲಿ ಜೈಲಲ್ಲಿದ್ದರೆ ಜೈಲಿನ ಸರ್ಟಿಫಿಕೇಟು. ಇವತ್ತೇ ರದ್ದಾಗುತ್ತೆ ಅಂತ ನಾವು ಆಣೆ ಮಾಡಿ ಹೇಳಲ್ಲ. ಒಳಗೆ ಕಳಿಸಬಹುದು. ಎರಡು ಬಟ್ಟೆ ಚೀಲದಲ್ಲಿಟ್ಟುಕೊಂಡೇ ಹೋಗಿ. ಆದರೆ ಅಲ್ಲಿ ನಿಂತವನನ್ನ ತಲೆಮರೆಸಿಕೊಂಡವನು ಅನ್ನೋದಕ್ಕೆ ಆಮೇಲೆ ಯಾರಿಗೂ ಬಾಯಿ ಬರಲ್ಲ.

ಎರಡನೇ ಬಾಗಿಲು ಮೇಲಿನದು. ಉದ್ಘೋಷಣೆಯ ಆದೇಶವೇ ಕಾನೂನು ಮೀರಿದ್ದರೆ ಸೆಷನ್ಸ್ ಕೋರ್ಟಿಗೆ ರಿವಿಜನ್ ಅರ್ಜಿ, ಅದಕ್ಕೆ 90 ದಿನದ ಅವಧಿ. ಅಥವಾ ಹೈಕೋರ್ಟಿಗೆ, ಹಳೇದರಲ್ಲಿ 482, ಹೊಸದರಲ್ಲಿ 528. ಹೈಕೋರ್ಟು ಅಂದರೆ ಬೆಂಗಳೂರು ಮಾತ್ರ ಅಲ್ಲ, ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠ ಇದೆ. ಯಾವುದು ಸರಿ ಅನ್ನೋದನ್ನ ಆದೇಶ ನೋಡಿ ವಕೀಲರು ಹೇಳಬೇಕು. ನಿರೀಕ್ಷಣಾ ಜಾಮೀನು ತಗೊಂಡು ಬಿಡೋಣ ಅಂತ ಕೆಲವರು ಹೇಳ್ತಾರೆ. ಉದ್ಘೋಷಣೆ ಆದಮೇಲೆ ಅದು ಸಾಮಾನ್ಯವಾಗಿ ಸಿಗಲ್ಲ. ಶ್ರೀಕಾಂತ್ ಉಪಾಧ್ಯಾಯ ಕೇಸಿನಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಮಾಡಿದೆ. ಅದಕ್ಕೇ ತಡ ಮಾಡಬಾರದು.

ಮನೆ ಜಪ್ತಿಗೆ ಬಂದರೆ? ಮನೆ ಅಪ್ಪನ ಹೆಸರಲ್ಲಿದ್ದರೆ ಅಪ್ಪ ತಕರಾರು ಹಾಕಬಹುದು, ಜಪ್ತಿ ಆದ ಆರು ತಿಂಗಳೊಳಗೆ. ಆ ಆರು ತಿಂಗಳು ಸಾಮಾನ್ಯವಾಗಿ ಹರಾಜು ಹಾಕುವಂತಿಲ್ಲ. ಜಪ್ತಿಯಾಗಿ ಎರಡು ವರ್ಷದೊಳಗೆ ಆರೋಪಿಯೇ ಬಂದು, ನಾನು ಓಡಿಹೋಗಿರಲಿಲ್ಲ, ಉದ್ಘೋಷಣೆ ನನಗೆ ಸಕಾಲಕ್ಕೆ ತಿಳಿಯಲಿಲ್ಲ ಅಂತ ರುಜುವಾತು ಮಾಡಿದರೆ ಆಸ್ತಿ ವಾಪಸ್ಸು ಕೊಡಬೇಕು. ಮಾರಿಬಿಟ್ಟಿದ್ದರೆ, ಖರ್ಚು ಕಳೆದು ದುಡ್ಡು ಕೊಡಬೇಕು.

ಇನ್ನೊಂದು ಹೊಸ ಅಪಾಯ. ಸುರಕ್ಷಾ ಸಂಹಿತೆಯ 356ನೇ ಕಲಮು. ಘೋಷಿತ ಅಪರಾಧಿ ವಿಚಾರಣೆ ತಪ್ಪಿಸಿಕೊಳ್ಳೋದಕ್ಕೆ ಓಡಿಹೋಗಿದ್ದಾನೆ, ಸದ್ಯಕ್ಕೆ ಸಿಗಲ್ಲ ಅಂದರೆ, ಆರೋಪ ಹೊರಿಸಿ 90 ದಿನ ಕಾದು, ಅವನಿಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ಅವನು ಬಂದು ಹಾಜರಾಗದೆ ಅಪೀಲು ಇಲ್ಲ. ಮೂರು ವರ್ಷ ಕಳೆದರೆ ಅಪೀಲೇ ಇಲ್ಲ. ಪ್ರತಿದೂರಿನಲ್ಲಿ ದೊಡ್ಡ ಕಲಮು ಹಾಕಿಸಿಕೊಂಡು ಗುಳೇ ಹೋದವನು ಇದನ್ನ ತಿಳಕೊಂಡಿರಬೇಕು. ಅವನು ಗಾರೆ ಹೊರ್ತಾ ಇರೋವಾಗಲೇ ಇಲ್ಲಿ ಅವನಿಗೆ ಶಿಕ್ಷೆ ಬರೆದಿರಬಹುದು.

ದುಡ್ಡು ಎಲ್ಲಿಂದ ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39-ಎ ಸೇರಿತು, ಬಡವನಿಗೆ ಉಚಿತ ಕಾನೂನು ನೆರವು ಸರ್ಕಾರದ ಹೊಣೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಹೇಳೋದು, ಪರಿಶಿಷ್ಟ ಜಾತಿ ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿ ಇರೋರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು. ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿ ಇದೆ. ಫೋನು 15100. ಇದು ಭಿಕ್ಷೆ ಅಲ್ಲ. ಜಾತಿ ಸರ್ಟಿಫಿಕೇಟನ್ನ ಸ್ಕಾಲರ್‌ಶಿಪ್ಪಿಗೆ ಮಾತ್ರ ಅಂದುಕೊಂಡಿದ್ದೀವಿ, ಅದು ಇಲ್ಲೂ ನಡೆಯುತ್ತೆ.

ಜಾಮೀನುದಾರ ಎಲ್ಲಿಂದ? ಪಹಣಿ ತನ್ನಿ ಅಂತಾರೆ. ಭೂಮಿಯೇ ಇಲ್ಲದ ಕೇರಿಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಮತ್ತೆ ದಣಿಗಳ ಬಾಗಿಲು. ಯಾರ ವಿರುದ್ಧ ಹೋರಾಟ ಮಾಡಿದ್ದೀವೋ ಅವರ ಪಹಣಿಯಲ್ಲೇ ನಮ್ಮ ಬಿಡುಗಡೆ! 1978ರಲ್ಲಿ ಮೋತಿರಾಮ್ ಅನ್ನೋ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು 10,000 ರೂಪಾಯಿ ಜಾಮೀನು ಕೇಳಿತ್ತು. ಅವನ ಒಡಹುಟ್ಟಿದವನು ಜಾಮೀನು ನಿಲ್ಲೋಕೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಿರಸ್ಕರಿಸಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ 1,000 ರೂಪಾಯಿಯ ಅವನ ಸ್ವಂತ ಮುಚ್ಚಳಿಕೆ ಮೇಲೆ ಬಿಡಿ ಅಂದಿತು. ಜಾಮೀನು ಸಿಗೋ ಅಪರಾಧಗಳಲ್ಲಿ, ಒಂದು ವಾರದೊಳಗೆ ಜಾಮೀನುದಾರನನ್ನ ತರಲಾಗದವನನ್ನ ಬಡವ ಅಂತಲೇ ತಿಳಿದು ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು ಅಂತ ಈಗ ಕಾನೂನಿನಲ್ಲೇ ಇದೆ. ಇದನ್ನ ಕೇಳಬೇಕು. ಕೇಳದೆ ಯಾರೂ ಕೊಡಲ್ಲ.

ಇದೇ ಕಾನೂನು ನಮ್ಮ ಕೈಯಲ್ಲಿಯೂ ಇದೆ ಅನ್ನೋದನ್ನ ಮರೀಬೇಡಿ. ದೌರ್ಜನ್ಯ ಮಾಡಿದವನು ಊರ ಮಧ್ಯೆ ಹೋಟೆಲಿನಲ್ಲಿ ಟೀ ಕುಡೀತಾ ಕೂತಿರ್ತಾನೆ, ಪೊಲೀಸರ ಕಾಗದದಲ್ಲಿ ಅವನು ತಲೆಮರೆಸಿಕೊಂಡಿರ್ತಾನೆ. ಅವನ ಮೇಲೆ ವಾರಂಟು ಕೊಡಿ, ಉದ್ಘೋಷಣೆ ಮಾಡಿ, ಆಸ್ತಿ ಜಪ್ತಿ ಮಾಡಿ ಅಂತ ಕೇಳೋದಕ್ಕೆ ಸರ್ಕಾರಿ ಅಭಿಯೋಜಕರ ಮೂಲಕ ದಾರಿ ಇದೆ. ದೌರ್ಜನ್ಯ ತಡೆ ಕಾಯ್ದೆಯ 15-ಎ ಕಲಮು ನೊಂದವರಿಗೆ ಕೋರ್ಟಿನಲ್ಲಿ ಮಾತಾಡೋ ಹಕ್ಕು ಕೊಟ್ಟಿದೆ. ಜಪ್ತಿ ಅನ್ನೋದು ಗುಡಿಸಲಿಗೆ ಮಾತ್ರ ಯಾಕೆ? ತೆಂಗಿನ ತೋಟಕ್ಕೂ ಆಗಲಿ.

ಕೊನೆಯದಾಗಿ, ಹೋರಾಟಕ್ಕೆ ಕರೆ ಕೊಡೋ ಹಿರಿಯರಿಗೆ ನಾವು ಹುಡುಗರ ಪರವಾಗಿ ಒಂದು ಮಾತು ಹೇಳಬೇಕು. ಕೋಪ ಮಾಡಿಕೊಂಡರೂ ಹೇಳಬೇಕು. ಮೆರವಣಿಗೆ ದಿನ ಲಾರಿ ಬರುತ್ತೆ, ಬಾವುಟ ಬರುತ್ತೆ, ಊಟದ ಪೊಟ್ಟಣ ಬರುತ್ತೆ. ವಾಯಿದೆ ದಿನ ಕೋರ್ಟಿನ ವರಾಂಡದಲ್ಲಿ ಹುಡುಗ ಒಬ್ಬನೇ ನಿಂತಿರ್ತಾನೆ. ಕರೆ ಕೊಟ್ಟವರು ವಾಯಿದೆಗೂ ಬರಬೇಕು. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ ಕೆರೆ ನೀರು ಮುಟ್ಟಿದ್ದು ನಮಗೆಲ್ಲ ಗೊತ್ತು. ಅದರ ಹಿಂದೆಯೇ ಅವರ ಮೇಲೆ ಸವರ್ಣೀಯರು ದಾವೆ ಹಾಕಿದರು. ಆ ದಾವೆ ಕೆಳಗಿನ ಕೋರ್ಟಿನಿಂದ ಬೊಂಬಾಯಿ ಹೈಕೋರ್ಟಿನವರೆಗೆ ಹೋಗಿ, 1937ರ ಮಾರ್ಚಿನಲ್ಲಿ ನಮ್ಮ ಪರವಾಗಿ ಮುಗಿಯಿತು. ನೀರು ಮುಟ್ಟಿದ್ದು ಒಂದು ದಿನ, ಕೇಸು ನಡೆದದ್ದು ಹತ್ತು ವರ್ಷ. ಆ ಹತ್ತು ವರ್ಷದ ಬಗ್ಗೆ ನಾವು ಹಾಡು ಕಟ್ಟಲಿಲ್ಲ.

ಆದ್ದರಿಂದ ಪ್ರತಿ ಹಾಸ್ಟೆಲಿನಲ್ಲಿ ಒಂದು ವಾಯಿದೆ ಪುಸ್ತಕ ಇಡಬೇಕು ಅಂತ ನಾವು ಸೂಚಿಸ್ತೀವಿ. ನೂರು ಹಾಳೆಯ ನೋಟ್‌ಬುಕ್ಕು ಸಾಕು. ಯಾರ ಮೇಲೆ ಕೇಸಿದೆ, ಯಾವ ಕೋರ್ಟು, ಕೇಸು ನಂಬರು, ವಕೀಲರ ಹೆಸರು, ಜಾಮೀನುದಾರನ ಹೆಸರು, ಮುಂದಿನ ದಿನಾಂಕ. ನಿಮ್ಮ ಕೈಯಲ್ಲಿರೋ ಮೊಬೈಲಿನಲ್ಲೇ ಇ-ಕೋರ್ಟ್ಸ್ ಆ್ಯಪ್ ಇದೆ. 16 ಅಕ್ಷರದ ಸಿ.ಎನ್.ಆರ್. ನಂಬರು ಹಾಕಿದರೆ ಕೇಸಿನ ಸ್ಥಿತಿ, ಮುಂದಿನ ವಾಯಿದೆ ಗೊತ್ತಾಗುತ್ತೆ. ನಂಬರಿಲ್ಲದಿದ್ದರೆ ಹೆಸರು ಹಾಕಿಯೂ ಹುಡುಕಬಹುದು. ರಾತ್ರಿ ರೀಲ್ಸ್ ನೋಡೋ ಹೊತ್ತಿನಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ. ನಿಮ್ಮದಷ್ಟೇ ನೋಡಬೇಡಿ. ಗುಳೇ ಹೋದ ಅಣ್ಣನದು, ಓದೋಕೆ ಬಾರದ ಚಿಕ್ಕಪ್ಪನದು, ಕೇರಿಯ ಎಲ್ಲರದೂ ನೋಡಿ. ಪರೀಕ್ಷೆ ದಿನವೇ ವಾಯಿದೆ ಬಿದ್ದರೆ ವಕೀಲರಿಗೆ ಬಾಯಲ್ಲಿ ಹೇಳಿ ಬರಬೇಡಿ. ಹಾಲ್ ಟಿಕೆಟ್ಟಿನ ನಕಲು ಕೊಟ್ಟು, ಅರ್ಜಿ ಬರೆಸಿ, ಸಹಿ ಹಾಕಿ, ಅವತ್ತು ಸಂಜೆ ಅರ್ಜಿ ಏನಾಯಿತು ಅಂತ ಕೇಳಿ. ವಿಳಾಸ ಬದಲಾದರೆ ಕೋರ್ಟಿಗೂ ಸ್ಟೇಷನ್ನಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆ ಸ್ವೀಕೃತಿಯ ಚೀಟಿ ಇದ್ದರೆ, ಎಲ್ಲಿದ್ದಾನೆ ತಿಳಿಯದು ಅನ್ನೋ ಷರಾ ನಿಲ್ಲೋದು ಕಷ್ಟ.

ಸೋಮವಾರ ಕೋರ್ಟು ತೆರೆಯುತ್ತೆ. ಈ ಶಿಬಿರದಲ್ಲಿ ಕೂತವರಲ್ಲಿ ಯಾರ ಮೇಲಾದರೂ ವಾರಂಟಿರಬಹುದು ಅನ್ನೋ ಅನುಮಾನ ಇದ್ದರೆ, ನಾಚಿಕೆ ಬಿಟ್ಟು ಇವತ್ತು ರಾತ್ರಿಯೇ ಹೆಸರು ಬರೆಸಿ. ಕಾನೂನು ಸೇವೆಗಳ ಸಮಿತಿಗೆ ಒಟ್ಟಿಗೇ ಹೋಗೋಣ, ನಕಲಿಗೆ ಒಟ್ಟಿಗೇ ಅರ್ಜಿ ಹಾಕೋಣ. ಹೆಸರು ಕೂಗಿದಾಗ ಅವನ ಹಿಂದೆ ಹತ್ತು ಜನ ವರಾಂಡದಲ್ಲಿ ನಿಂತಿರೋಣ.

ಜೈ ಭೀಮ್.